ಗಿರಿಯ ಮೇಲೆ ಘೋಷಣೆ, ಸದನದೊಳಗೆ ಮೌನ

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಕುಯ್ಲು. ಬೆಳಗ್ಗೆ ಏಳಾದರೂ ಮಂಜು ಸಿಲ್ವರ್ ಓಕ್ ಮರಗಳನ್ನು ಬಿಟ್ಟಿರುವುದಿಲ್ಲ. ತಲೆಗೆ ಟವೆಲ್ ಕಟ್ಟಿ, ಸೊಂಟಕ್ಕೆ ಚೀಲ ಬಿಗಿದ ಹೆಂಗಸರು ತೋಟದ ಪಿಕಪ್‌ಗೆ ಕಾಯುತ್ತಾ ರಸ್ತೆ ಬದಿ ನಿಂತಿರುತ್ತಾರೆ. ದತ್ತ ಜಯಂತಿಯ ಮೂರು ದಿನ ಮಾತ್ರ ಆ ಪಿಕಪ್ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕೈಮರದ ಚೆಕ್‌ಪೋಸ್ಟ್‌ನಲ್ಲಿ ಬ್ಯಾರಿಕೇಡ್ ಬಿದ್ದಿರುತ್ತದೆ. ಕೇಸರಿ ಶಲ್ಯ, ಕೊರಳಲ್ಲಿ ಮಾಲೆ, ತಲೆ ಮೇಲೆ ಇರುಮುಡಿ ಹೊತ್ತ ಯುವಕರನ್ನು ತುಂಬಿಕೊಂಡ ಬಸ್ಸು, ಟೆಂಪೊಗಳು ಸಾಲುಗಟ್ಟುತ್ತವೆ. ಪೊಲೀಸರು ಒಂದೊಂದೇ ವಾಹನದ ನಂಬರ್ ಬರೆದುಕೊಂಡು ಬಿಡುತ್ತಾರೆ. ಪ್ರವಾಸಿಗರಿಗೆ ಬಾಬಾಬುಡನ್‌ಗಿರಿಯ ದಾರಿ ಬಂದ್, ಪೇಟೆಯಲ್ಲಿ ಮದ್ಯದಂಗಡಿ ಬಂದ್.

ಮೊದಲ ದಿನ ಅನಸೂಯಾ ಜಯಂತಿ, ಹೆಂಗಸರ ಸಂಕೀರ್ತನಾ ಯಾತ್ರೆ. ಎರಡನೇ ದಿನ ನಗರದಲ್ಲಿ ಶೋಭಾಯಾತ್ರೆ. ಮೂರನೇ ದಿನ ಗಿರಿಯಲ್ಲಿ ದತ್ತಪಾದುಕೆಯ ದರ್ಶನ. ಆ ಮೂರೂ ದಿನ ಬೆಂಗಳೂರಿನ ವಿಧಾನಸೌಧದಲ್ಲಿ ಯಾವ ಪಕ್ಷದ ಮುಖ್ಯಮಂತ್ರಿ ಕೂತಿದ್ದರೂ ಒಂದು ಕಣ್ಣು ಈ ಬೆಟ್ಟದ ಮೇಲೆಯೇ. ಘೋಷಣೆ ಯಾರ ವಿರುದ್ಧ ಮೊಳಗುತ್ತದೆ ಎನ್ನುವುದು ಒಂದು ಚಿಂತೆ. ಅಧಿಕಾರದಲ್ಲಿರುವುದು ಘೋಷಣೆ ಕೂಗುವವರೇ ಗೆಲ್ಲಿಸಿದ ಪಕ್ಷವಾಗಿದ್ದರೆ ಚಿಂತೆ ಇನ್ನೂ ದೊಡ್ಡದು. ವಿರೋಧಿಗಳ ಕೂಗಿಗೆ ಉತ್ತರ ಕೊಡಬಹುದು, ಸ್ವಂತ ಮನೆಯವರ ಕೂಗಿಗೆ ಲೆಕ್ಕ ಕೊಡಬೇಕಾಗುತ್ತದೆ.

ತಮ್ಮದೇ ಪಕ್ಷದ ಉಗ್ರ ನಿಲುವಿನ ಗುಂಪು ಪಟ್ಟು ಹಿಡಿದಾಗ ಶಾಸಕಾಂಗ ಪಕ್ಷದ ನಾಯಕರು ಏನು ಮಾಡುತ್ತಾರೆ? ‘ಭಿನ್ನಮತ ಶಮನ’, ‘ಬಂಡಾಯ ತಣ್ಣಗೆ’ ಎಂಬ ತಲೆಬರಹಗಳನ್ನು ನಾವೆಲ್ಲ ಓದಿದವರೇ. ಶಮನ ಹೇಗಾಯಿತು, ಯಾರು ಏನು ಕೊಟ್ಟರು, ಅದರ ಬಾಬ್ತು ಕೊನೆಗೆ ಯಾರ ತಲೆಗೆ ಬಂತು ಎಂಬುದು ಆ ತಲೆಬರಹದ ಕೆಳಗೆ ಸಿಗುವುದು ಕಡಿಮೆ. ಕಾಫಿ ಸೀಮೆಯಲ್ಲಿ ಬದುಕುವವರು ಅದನ್ನು ಹತ್ತಿರದಿಂದ ಕಂಡಿದ್ದೇವೆ.

ಸದನದಲ್ಲಿ ಬಾಯಿ ಏಕೆ ಬಿಡುವುದಿಲ್ಲ

ಬ್ರಿಟನ್ನಿನ ಪ್ರಧಾನಿ ತೆರೇಸಾ ಮೇ 2019ರ ಜನವರಿಯಲ್ಲಿ ಬ್ರೆಕ್ಸಿಟ್ ಒಪ್ಪಂದವನ್ನು ಸಂಸತ್ತಿನ ಮುಂದಿಟ್ಟಾಗ ಪರವಾಗಿ ಬಿದ್ದದ್ದು 202 ಮತ, ವಿರುದ್ಧ 432. ವಿರುದ್ಧ ಕೈಯೆತ್ತಿದವರಲ್ಲಿ 118 ಮಂದಿ ಅವರದೇ ಪಕ್ಷದವರು. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಕೆವಿನ್ ಮೆಕಾರ್ಥಿ 15 ಸುತ್ತು ಮತದಾನದ ನಂತರ ಸ್ಪೀಕರ್ ಆದರು. ಉಗ್ರ ಬಣವನ್ನು ಒಲಿಸಿಕೊಳ್ಳಲು, ಒಬ್ಬನೇ ಸದಸ್ಯ ಎದ್ದು ನಿಂತರೂ ಸ್ಪೀಕರ್ ಪದಚ್ಯುತಿಯ ಗೊತ್ತುವಳಿ ತರಬಹುದು ಎಂಬ ನಿಯಮಕ್ಕೆ ಒಪ್ಪಿಕೊಂಡಿದ್ದರು. ಅದೇ ನಿಯಮ ಹಿಡಿದು 2023ರ ಅಕ್ಟೋಬರ್‌ನಲ್ಲಿ ಅವರನ್ನು ಕೆಳಗಿಳಿಸಿದರು. ಮತ 216–210. ಸ್ವಪಕ್ಷದ ಎಂಟು ಜನ ತಿರುಗಿಬಿದ್ದದ್ದೇ ಸಾಕಾಯಿತು.

ನಮ್ಮಲ್ಲಿ ಆ ಎಂಟು ಮಂದಿಯೂ ಆ 118 ಮಂದಿಯೂ ಶಾಸಕತ್ವ ಕಳೆದುಕೊಳ್ಳುವ ಭಯದಲ್ಲಿ ಕೂರಬೇಕಾಗುತ್ತಿತ್ತು. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಬಂದ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ, ಪಕ್ಷ ವಿಪ್ ಕೊಟ್ಟ ಮೇಲೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದ ಶಾಸಕನನ್ನು ಅನರ್ಹಗೊಳಿಸಬಹುದು. ಮೊದಲು ಮೂರನೇ ಒಂದು ಭಾಗ ಒಟ್ಟಾಗಿ ಹೊರಬಂದರೆ ‘ವಿಭಜನೆ’ ಎಂಬ ರಕ್ಷಣೆ ಇತ್ತು. 2003ರ 91ನೇ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಈಗ ಮೂರನೇ ಎರಡು ಭಾಗ ಬೇರೊಂದು ಪಕ್ಷದಲ್ಲಿ ವಿಲೀನವಾಗಬೇಕು.

ಹಾಗೆಂದು ಅಸಮಾಧಾನ ಸತ್ತುಹೋಗಲಿಲ್ಲ, ಬೇರೆ ಬಾಗಿಲು ಹುಡುಕಿತು. ಒಂದು ಬಾಗಿಲು ರಾಜೀನಾಮೆ. 2019ರಲ್ಲಿ ಕಾಂಗ್ರೆಸ್–ಜೆಡಿಎಸ್‌ನ ಶಾಸಕರು ಹಾಗೆ ಹೊರಟರು, ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು, ಬೆನ್ನಲ್ಲೇ ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ಅನರ್ಹಗೊಳಿಸಿದರು. ಇನ್ನೊಂದು ಬಾಗಿಲು ಬೀದಿ. ಸಿದ್ಧಾಂತದ ಹೆಸರಿನಲ್ಲಿ ಪಟ್ಟು ಹಿಡಿಯುವವರು ಹೆಚ್ಚಾಗಿ ಶಾಸಕರೇ ಆಗಿರುವುದಿಲ್ಲ. ಸಂಘಟನೆಯವರು, ಬೂತ್ ಮಟ್ಟದ ಕಾರ್ಯಕರ್ತರು, ಚುನಾವಣೆಯಲ್ಲಿ ಮನೆಮನೆಗೆ ಚೀಟಿ ಹಂಚಿದ ಹುಡುಗರು ಅವರು. ವಿಪ್ ಅವರನ್ನು ಮುಟ್ಟುವುದಿಲ್ಲ. ಆದ್ದರಿಂದ ಒತ್ತಡದ ಮಾತುಕತೆ ಸದನದ ದಾಖಲೆಗೆ ಬಾರದ ಜಾಗಗಳಲ್ಲೇ ಮುಗಿಯುತ್ತದೆ. ನನಗೆ ಈ ಇಡೀ ವಿಷಯದ ತಿರುಳು ಕಾಣುವುದು ಇಲ್ಲಿಯೇ.

ಇಂದಿರಾ ಗೆದ್ದ ನೆಲ, ಅರಸು ಸೋತ ಕಥೆ

ಕಾಯ್ದೆ ಬರುವ ಮುಂಚೆ ಹೇಗಿತ್ತು ಎನ್ನುವುದಕ್ಕೂ ಉದಾಹರಣೆ ಇದೇ ಜಿಲ್ಲೆಯಲ್ಲಿದೆ. ಮೂಡಿಗೆರೆ ತಾಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು 1978ರಲ್ಲಿ ತಮ್ಮ ಲೋಕಸಭಾ ಸ್ಥಾನವನ್ನು ಇಂದಿರಾ ಗಾಂಧಿಯವರಿಗಾಗಿ ಬಿಟ್ಟುಕೊಟ್ಟರು. ಆ ನವೆಂಬರ್‌ನ ಉಪಚುನಾವಣೆಯಲ್ಲಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಗೆಲುವಿನ ಹಿಂದೆ ನಿಂತವರು ಮುಖ್ಯಮಂತ್ರಿ ದೇವರಾಜ ಅರಸು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಆ ಚುನಾವಣೆಯ ಕಥೆ ಇನ್ನೂ ನಿನ್ನೆ ಮೊನ್ನೆ ನಡೆದಂತೆ ಬರುತ್ತದೆ.

ಒಂದು ವರ್ಷ ತುಂಬುವುದರೊಳಗೆ ಅರಸು ಪಕ್ಷದ ಹೊರಗಿದ್ದರು. ಮುಖ್ಯಮಂತ್ರಿ ಸ್ಥಾನ, ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಸ್ಥಾನ ಎರಡನ್ನೂ ಒಬ್ಬರೇ ಇಟ್ಟುಕೊಳ್ಳುವುದು ಬೇಡ ಎಂಬುದು ಕಾರಣವೆಂದು ಹೇಳಲಾಯಿತು. ಒಳಗೆ ಇದ್ದದ್ದು ನಿಷ್ಠೆಯ ಪ್ರಶ್ನೆ. ಹೈಕಮಾಂಡ್‌ಗೆ ಸಂಪೂರ್ಣ ಶರಣಾಗದ ನಾಯಕ ಬೇಡ ಎಂಬ ಗುಂಪು ಗಟ್ಟಿಯಾಗಿತ್ತು. ಅರಸು ಬಗ್ಗಲಿಲ್ಲ. ಶಾಸಕರು ಸದ್ಯಕ್ಕೆ ಜೊತೆಗಿದ್ದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಸ್ಥಾನ ಗೆದ್ದದ್ದೇ ತಡ, ಅದೇ ಶಾಸಕರು ಗುಂಪುಗುಂಪಾಗಿ ಆ ಕಡೆ ಹೋದರು. ಅರಸು ರಾಜೀನಾಮೆ ಕೊಟ್ಟರು, ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು.

ನೇರವಾಗಿ ಎದುರು ನಿಂತ ನಾಯಕನ ಗತಿ ಏನಾಯಿತು ಎಂಬುದನ್ನು ಕರ್ನಾಟಕದ ಮುಂದಿನ ಎಲ್ಲ ಮುಖ್ಯಮಂತ್ರಿಗಳೂ ನೋಡಿಕೊಂಡರು. ಅರಸು ಅವರಷ್ಟು ಜನಬಲ ಇದ್ದವರಿಗೇ ಹಾಗಾದರೆ ನಮ್ಮ ಪಾಡೇನು ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಕಾಲ ತಳ್ಳುವ ಕಲೆ

ಒತ್ತಡ ತಡೆದುಕೊಳ್ಳಲು ನಾಯಕರು ಮೊದಲು ಕೈಹಾಕುವುದು ಕಾಲಕ್ಕೆ. ಸಮಿತಿ ಮಾಡು, ಉಪಸಮಿತಿ ಮಾಡು, ನ್ಯಾಯಾಲಯದಲ್ಲಿದೆ ಎನ್ನು. ಬಾಬಾಬುಡನ್‌ಗಿರಿಯ ವಿವಾದ ಇದರ ದೊಡ್ಡ ಪಾಠಶಾಲೆ.

ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರೆಂದು ನಾವು ನಂಬುವ ಬಾಬಾಬುಡನ್ ಹೆಸರೂ ದತ್ತಾತ್ರೇಯನ ಹೆಸರೂ ಒಟ್ಟಿಗೇ ಅಂಟಿಕೊಂಡಿರುವ ಗುಹೆ ಅದು. ಸರ್ಕಾರಿ ಕಡತದಲ್ಲೂ ಅದರ ಹೆಸರು ‘ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ’. 1975ರಲ್ಲಿ ಆಡಳಿತವನ್ನು ವಕ್ಫ್ ಮಂಡಳಿಗೆ ವರ್ಗಾಯಿಸಿದಾಗ ಶುರುವಾದ ವ್ಯಾಜ್ಯ ಜಿಲ್ಲಾ ನ್ಯಾಯಾಲಯ, ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳನ್ನು ಸುತ್ತಿತು. ನಿರ್ಧಾರ ರಾಜ್ಯ ಸರ್ಕಾರವೇ ಮಾಡಲಿ ಎಂದು 2015ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚೆಂಡು ಮತ್ತೆ ವಿಧಾನಸೌಧದ ಅಂಗಳಕ್ಕೆ ಬಿತ್ತು. ಸಿದ್ದರಾಮಯ್ಯ ಸರ್ಕಾರ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಸಮಿತಿಯಿಂದ ವರದಿ ಪಡೆದು, 2018ರ ಮಾರ್ಚ್‌ನಲ್ಲಿ, ಅಂದರೆ ವಿಧಾನಸಭಾ ಚುನಾವಣೆ ಎದುರಿಗಿರುವಾಗ, ಪೂಜಾ ವಿಧಿಗಳನ್ನು ಮುಜಾವರ್ ಕೈಯಲ್ಲಿ ಉಳಿಸುವ ಆದೇಶ ಹೊರಡಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಬಸವರಾಜ ಬೊಮ್ಮಾಯಿ ಸರ್ಕಾರ ಸಚಿವ ಸಂಪುಟದ ಉಪಸಮಿತಿ ಮಾಡಿ, 2022ರ ಜುಲೈನಲ್ಲಿ ಅರ್ಚಕರ ನೇಮಕಕ್ಕೂ ವ್ಯವಸ್ಥಾಪನಾ ಸಮಿತಿಗೂ ಒಪ್ಪಿತು. ಸಮಿತಿ ರಚನೆಯಾದದ್ದು ನವೆಂಬರ್‌ನಲ್ಲಿ. ಎಂಟು ಸದಸ್ಯರಲ್ಲಿ ಒಬ್ಬರು ಮುಸ್ಲಿಮರು. ಆ ವರ್ಷದ ದತ್ತ ಜಯಂತಿಯಲ್ಲಿ ಅರ್ಚಕರಿಂದ ಪೂಜೆ ನಡೆಯಿತು. ವಿಧಾನಸಭಾ ಚುನಾವಣೆಗೆ ಆಗ ಉಳಿದಿದ್ದದ್ದು ಐದು ತಿಂಗಳು.

ಈ ತಾರೀಕುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಎರಡು ಬೇರೆ ಬೇರೆ ಪಕ್ಷಗಳು, ಎರಡು ವಿರುದ್ಧ ನಿರ್ಧಾರಗಳು, ಎರಡೂ ಚುನಾವಣೆಯ ಹೊಸ್ತಿಲಲ್ಲಿ. ಎರಡೂ ಸರ್ಕಾರಗಳನ್ನು ತಮ್ಮ ಬೆನ್ನ ಹಿಂದಿನ ಗಟ್ಟಿ ದನಿಗಳು ‘ಇನ್ನೂ ಯಾವಾಗ’ ಎಂದು ಕೇಳುತ್ತಿದ್ದವು. ಅದುವರೆಗೆ ಕಾಲ ತಳ್ಳಿದವರು ಕೊನೆಯ ಗಳಿಗೆಯಲ್ಲಿ ಕೊಟ್ಟರು. ಕೊಟ್ಟ ಹೊತ್ತನ್ನು ನೋಡಿದರೆ ಗುಹೆಯ ಮುಂದೆ ತಲೆತಲಾಂತರದಿಂದ ಊದುಬತ್ತಿ ಹಚ್ಚಿದ ಎರಡೂ ಕಡೆಯ ಭಕ್ತರು ಆ ಲೆಕ್ಕದಲ್ಲಿ ಇದ್ದರೆಂದು ನನಗೆ ನಂಬಲಾಗುತ್ತಿಲ್ಲ.

ಕುರ್ಚಿ ಕೊಟ್ಟು ಕೂರಿಸುವುದು

ಎರಡನೆಯ ದಾರಿ ಸ್ಥಾನಮಾನ. ಮಂತ್ರಿ ಮಂಡಲದ ಗಾತ್ರ ಸದನದ ಶೇ 15ನ್ನು ಮೀರಬಾರದು ಎಂಬ ನಿಯಮವೂ 2003ರ ತಿದ್ದುಪಡಿಯದೇ. 224 ಸದಸ್ಯರ ವಿಧಾನಸಭೆಗೆ ಮುಖ್ಯಮಂತ್ರಿ ಸೇರಿ 34 ಜನ. ಉಳಿದವರಿಗೆ ನಿಗಮ–ಮಂಡಳಿ, ಸಂಸದೀಯ ಕಾರ್ಯದರ್ಶಿ, ಸಲಹೆಗಾರ, ಸಂಪುಟ ದರ್ಜೆ. 2023ರ ಜುಲೈನಲ್ಲಿ ಕಾಂಗ್ರೆಸ್ ಶಾಸಕರು ತಮ್ಮದೇ ಸಚಿವರು ಕೈಗೆ ಸಿಗುತ್ತಿಲ್ಲವೆಂದು ಪತ್ರ ಬರೆದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಶಾಸಕಾಂಗ ಪಕ್ಷದ ಸಭೆ ಕರೆದರು. ಅತೃಪ್ತಿಯ ಮಾತಾಡಿದ್ದ ಬಿ.ಆರ್. ಪಾಟೀಲ್ ಮತ್ತು ಬಸವರಾಜ ರಾಯರಡ್ಡಿ ಆ ವರ್ಷದ ಕೊನೆಗೆ ಮುಖ್ಯಮಂತ್ರಿಗಳ ಸಲಹೆಗಾರರಾಗಿದ್ದರು. ಕೂಗು ಹಾಕುವವರನ್ನು ಒಳಗೆ ಕರೆದು ಕೂರಿಸುವ ಈ ರೀತಿ ಎಲ್ಲ ಪಕ್ಷದಲ್ಲೂ ಇದೆ, ಎಲ್ಲ ಕಾಲದಲ್ಲೂ ಇತ್ತು.

ಸಿದ್ಧಾಂತದ ಹೋರಾಟಗಾರರ ವಿಷಯದಲ್ಲಿ ಇದು ಇನ್ನೂ ಆಳಕ್ಕೆ ಹೋಗುತ್ತದೆ. ಇದೇ ಗಿರಿಯ ದತ್ತಪೀಠ ಹೋರಾಟದ ಮುಂಚೂಣಿಯಲ್ಲಿದ್ದು ಬೆಳೆದ ಸಿ.ಟಿ. ರವಿ 2004ರಿಂದ ಸತತ ನಾಲ್ಕು ಸಲ ಚಿಕ್ಕಮಗಳೂರಿನಿಂದ ಗೆದ್ದರು, ಸಚಿವರಾದರು, ಬಿಜೆಪಿಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾದರು. ಅದೇ ಹೋರಾಟದ ಮತ್ತೊಬ್ಬ ಮುಂದಾಳು, ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದ ವಿ. ಸುನಿಲ್ ಕುಮಾರ್, ಕಾರ್ಕಳದಿಂದ ಶಾಸಕರಾದರು. 2019ರಲ್ಲಿ ಯಡಿಯೂರಪ್ಪ ಸರ್ಕಾರ ಬಂದಾಗ ಅವರಿಗೆ ಸಿಕ್ಕ ಹುದ್ದೆ ಸರ್ಕಾರದ ಮುಖ್ಯ ಸಚೇತಕನದು. ವಿಪ್ ಹೊರಡಿಸಿ, ಮತ ಹಾಕುವ ಹೊತ್ತಿಗೆ ಪಕ್ಷದವರನ್ನೆಲ್ಲ ಸಾಲಿನಲ್ಲಿ ಕೂರಿಸುವ ಕೆಲಸ ಅದು. ಒಂದು ಕಾಲಕ್ಕೆ ಬೀದಿಯಿಂದ ಸರ್ಕಾರಗಳನ್ನು ಒತ್ತಿದವರ ಕೈಗೆ ಸದನದ ಶಿಸ್ತು ಕೊಟ್ಟದ್ದು ಸಣ್ಣ ಜಾಣತನವಲ್ಲ.

ಆದರೆ ಕುರ್ಚಿಯ ಮೇಲೆ ಕೂತವನ ಹಿಂದೆ ಇನ್ನೊಬ್ಬ ಹುಟ್ಟುತ್ತಾನೆ. 2023ರಲ್ಲಿ ಕಾರ್ಕಳದಲ್ಲಿ ಸುನಿಲ್ ಕುಮಾರ್ ಎದುರು ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್ ಸ್ವತಃ ಕಣಕ್ಕಿಳಿದರು. ಮುತಾಲಿಕ್ ಗೆಲ್ಲಲಿಲ್ಲ, ಸುನಿಲ್ ಕುಮಾರ್ ಉಳಿದುಕೊಂಡರು. ಕಾಂಗ್ರೆಸ್ ಅಭ್ಯರ್ಥಿಯ ಎದುರು ಅವರ ಗೆಲುವಿನ ಅಂತರ ಐದು ಸಾವಿರಕ್ಕಿಂತ ಕಡಿಮೆ.

ಮತ್ತೊಂದು ಹೆಸರನ್ನು ಇಲ್ಲಿ ಬಿಡಲಾರೆ. ಕೊಪ್ಪದ ಮಹೇಂದ್ರ ಕುಮಾರ್ ಕೂಡ ಬಜರಂಗದಳದ ರಾಜ್ಯ ಸಂಚಾಲಕರೇ. 2008ರ ಮೇ ತಿಂಗಳಲ್ಲಿ ಯಡಿಯೂರಪ್ಪ ದಕ್ಷಿಣದ ಮೊದಲ ಬಿಜೆಪಿ ಸರ್ಕಾರ ಕಟ್ಟಿದರು. ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಸುತ್ತಮುತ್ತ ಚರ್ಚ್‌ಗಳ ಮೇಲೆ ದಾಳಿಯಾಯಿತು. ಮಹೇಂದ್ರ ಕುಮಾರ್ ಅದನ್ನು ಬಹಿರಂಗವಾಗಿ ಸಮರ್ಥಿಸಿಕೊಂಡರು. ನಾಲ್ಕು ತಿಂಗಳ ಕೂಸಾಗಿದ್ದ ಸರ್ಕಾರದ ಮೇಲೆ ಕೇಂದ್ರದ ಕಣ್ಣು ಬಿತ್ತು, ಮಹೇಂದ್ರ ಕುಮಾರ್ ಬಂಧನವಾಯಿತು. ಆಮೇಲೆ ಅವರು ಸಂಘಟನೆಯನ್ನೇ ಬಿಟ್ಟರು, ಜೆಡಿಎಸ್ ಸೇರಿದರು, ಕೊನೆಯ ವರ್ಷಗಳಲ್ಲಿ ಊರೂರು ತಿರುಗಿ ಕೋಮು ರಾಜಕಾರಣದ ವಿರುದ್ಧವೇ ಮಾತಾಡಿದರು. 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಒಂದೇ ಹುದ್ದೆಯಲ್ಲಿದ್ದ ಇಬ್ಬರಲ್ಲಿ ಸುನಿಲ್ ಕುಮಾರ್ ಮುಂದೆ ಮಂತ್ರಿಯೂ ಆದರು, ಮಹೇಂದ್ರ ಕುಮಾರ್ ಜೈಲು ಕಂಡರು. ಗುಂಪು ಕಟ್ಟಲು ಹೊರಡುವ ನಮ್ಮ ಮಲೆನಾಡಿನ ಹುಡುಗರು ಎರಡನೆಯವರ ಕಥೆಯನ್ನೂ ಕೇಳಲಿ ಎಂದು ನನಗೆ ಆಸೆ.

ಮಧ್ಯರಾತ್ರಿಯ ಸುದ್ದಿಗೋಷ್ಠಿ

ಇಷ್ಟರಿಂದಲೂ ಬಿಸಿ ಇಳಿಯದಿದ್ದರೆ ಏನಾಗುತ್ತದೆ ಎಂಬುದನ್ನು 2022ರ ಜುಲೈ ಕೊನೆಯ ವಾರ ತೋರಿಸಿತು. 26ರ ರಾತ್ರಿ ಸುಳ್ಯ ತಾಲೂಕಿನ ಬೆಳ್ಳಾರೆಯಲ್ಲಿ ಬಿಜೆಪಿ ಯುವ ಮೋರ್ಚಾದ ಪ್ರವೀಣ್ ನೆಟ್ಟಾರು ಅವರ ಕೊಲೆಯಾಯಿತು. ಮರುದಿನ ಅಂತಿಮ ದರ್ಶನಕ್ಕೆ ಬಂದ ಪಕ್ಷದ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಅವರ ಕಾರನ್ನು ಪಕ್ಷದ ಕಾರ್ಯಕರ್ತರೇ ಸುತ್ತುವರಿದು ಅಲುಗಾಡಿಸಿದರು. ನಮ್ಮ ಜಿಲ್ಲೆಯೂ ಸೇರಿ ಹಲವು ಕಡೆ ಯುವ ಮೋರ್ಚಾದ ಪದಾಧಿಕಾರಿಗಳು ರಾಜೀನಾಮೆ ಪತ್ರ ಬರೆದು ವಾಟ್ಸ್‌ಆ್ಯಪ್‌ಗೆ ಹಾಕಿದರು. ಒಂದೊಂದು ಪುಟದ ಪತ್ರ. ಅವುಗಳ ತಾತ್ಪರ್ಯ ಒಂದೇ: ನಮ್ಮದೇ ಸರ್ಕಾರವಿದ್ದೂ ನಮಗೆ ರಕ್ಷಣೆ ಇಲ್ಲ.

ಬೊಮ್ಮಾಯಿ ಸರ್ಕಾರಕ್ಕೆ ಅಂದಿಗೆ ಒಂದು ವರ್ಷ ತುಂಬುತ್ತಿತ್ತು. 28ರಂದು ದೊಡ್ಡಬಳ್ಳಾಪುರದಲ್ಲಿ ‘ಜನೋತ್ಸವ’ ಎಂಬ ದೊಡ್ಡ ಸಮಾವೇಶ, ಪೆಂಡಾಲು ಎದ್ದಿತ್ತು. ಮುಖ್ಯಮಂತ್ರಿ ಮಧ್ಯರಾತ್ರಿ ಸುದ್ದಿಗೋಷ್ಠಿ ಕರೆದು ಸಮಾವೇಶ ರದ್ದು ಮಾಡಿದರು, ವಿಶೇಷ ಕಮಾಂಡೊ ಪಡೆ ಕಟ್ಟುವುದಾಗಿ ಹೇಳಿದರು. ಬೆಳಗಾದ ಮೇಲೆ, ಅಗತ್ಯ ಬಿದ್ದರೆ ಉತ್ತರ ಪ್ರದೇಶದ ಯೋಗಿ ಮಾದರಿಯೂ ಇಲ್ಲಿ ಬರುತ್ತದೆ ಎಂದರು. ನೆಟ್ಟಾರು ಮನೆಗೆ ಹೋಗಿ 25 ಲಕ್ಷ ರೂಪಾಯಿ ಪರಿಹಾರ ಕೊಟ್ಟರು. ಪ್ರಕರಣ ಎನ್‌ಐಎ ಕೈಗೆ ಹೋಯಿತು. ಎರಡು–ಮೂರು ದಿನಗಳಲ್ಲಿ ಒಂದು ಸರ್ಕಾರದ ಮಾತಿನ ಧಾಟಿಯೇ ಬದಲಾಯಿತು.

ಕೊಲೆಯ ನೋವು ನಿಜ, ಕಾರ್ಯಕರ್ತರ ಸಿಟ್ಟೂ ನಿಜ. ಆದರೆ ಅದೇ ಹದಿನೈದು ದಿನಗಳಲ್ಲಿ ದಕ್ಷಿಣ ಕನ್ನಡದಲ್ಲಿ ಮಸೂದ್ ಮತ್ತು ಫಾಝಿಲ್ ಎಂಬ ಇನ್ನಿಬ್ಬರು ಯುವಕರೂ ಕೊಲೆಯಾಗಿದ್ದರು. ಮುಖ್ಯಮಂತ್ರಿ ಅವರ ಮನೆಗಳಿಗೆ ಹೋಗಲಿಲ್ಲ. ಎಲ್ಲರ ಮುಖ್ಯಮಂತ್ರಿಯಾದವರು ತಮ್ಮ ಪಕ್ಷದ ಸಿಟ್ಟಿಗೆ ಮಾತ್ರ ಓಗೊಟ್ಟಾಗ ಇಬ್ಬರು ತಾಯಂದಿರ ಅಳು ಯಾರ ಪಟ್ಟಿಗೂ ಸೇರುವುದಿಲ್ಲ. ಇದನ್ನು ಬರೆಯುವಾಗ ಯಾವ ಪಕ್ಷದ ಮೇಲಿನ ಕೋಪವೂ ನನ್ನಲ್ಲಿಲ್ಲ, ಬೇಸರವಿದೆ.

ಹಿಂದೆ ಸರಿಯುವುದಕ್ಕೂ ಒಂದು ಕ್ರಮವಿದೆ. 2023ರ ಡಿಸೆಂಬರ್ 22ರಂದು ನಂಜನಗೂಡು ತಾಲೂಕಿನ ಸಭೆಯೊಂದರಲ್ಲಿ ಸಿದ್ದರಾಮಯ್ಯನವರು ಹಿಜಾಬ್ ನಿಷೇಧ ವಾಪಸ್ ಪಡೆಯಲು ಹೇಳಿದ್ದೇನೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಮರುದಿನ, ಇನ್ನೂ ಆದೇಶವಾಗಿಲ್ಲ, ಸರ್ಕಾರ ಆಲೋಚಿಸುತ್ತಿದೆ ಎಂದರು. ಒಂದು ದಿನ ಒಳಗಿನವರಿಗೆ, ಮರುದಿನ ಹೊರಗಿನವರಿಗೆ. ಎರಡೂ ಮಾತಿನ ನಡುವೆ ಸಿಕ್ಕಿಬಿದ್ದವರು ಕಾಲೇಜಿನ ಬಾಗಿಲಲ್ಲಿ ನಿಂತ ಹುಡುಗಿಯರು.

ಪರಿಷತ್ತಿನ ಪೀಠ

ಸದನವೇ ಈ ಎಳೆದಾಟದ ಜಾಗವಾದಾಗ ಏನಾಗುತ್ತದೆ? ಅದರ ನೆನಪು ನಮ್ಮ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ.

ಗೋಹತ್ಯೆ ನಿಷೇಧದ ಬಿಗಿ ಕಾಯ್ದೆ ಬಿಜೆಪಿಯ ಗಟ್ಟಿ ಬೆಂಬಲಿಗರ ಹಳೆಯ ಬೇಡಿಕೆ. 2010ರಲ್ಲಿ ಯಡಿಯೂರಪ್ಪ ಸರ್ಕಾರ ಒಂದು ಮಸೂದೆ ಪಾಸು ಮಾಡಿತ್ತು. ಅದಕ್ಕೆ ಅಂಕಿತ ಬೀಳಲಿಲ್ಲ, 2013ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಬಿಜೆಪಿ ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಒತ್ತಾಯ ಶುರುವಾಯಿತು. 2020ರ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಗದ್ದಲದ ನಡುವೆ ಮಸೂದೆ ಪಾಸಾಯಿತು. ಚರ್ಚೆ ಎನ್ನುವಂಥದ್ದು ನಡೆಯಲಿಲ್ಲ. ವಿಧಾನ ಪರಿಷತ್ತಿನಲ್ಲಿ ಬಿಜೆಪಿಗೆ ಬಹುಮತವಿರಲಿಲ್ಲ. ಸಭಾಪತಿ ಪ್ರತಾಪಚಂದ್ರ ಶೆಟ್ಟಿ ಸದನವನ್ನು ಅನಿರ್ದಿಷ್ಟಾವಧಿಗೆ ಮುಂದೂಡಿದರು.

ಡಿಸೆಂಬರ್ 15ರಂದು ಒಂದು ದಿನದ ಮಟ್ಟಿಗೆ ಪರಿಷತ್ತು ಮತ್ತೆ ಸೇರಿತು. ಸಭಾಪತಿ ಬರುವ ಮೊದಲೇ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರು ಪೀಠದಲ್ಲಿದ್ದರು. ಕಾಂಗ್ರೆಸ್ ಸದಸ್ಯರು ಅವರನ್ನು ಪೀಠದಿಂದ ಎಳೆದರು, ಬಿಜೆಪಿ ಮತ್ತು ಜೆಡಿಎಸ್ ಸದಸ್ಯರು ಅವರನ್ನು ಅಲ್ಲೇ ಉಳಿಸಲು ನೋಡಿದರು. ಹಿರಿಯರೊಬ್ಬರು ಆ ಕಡೆ ಈ ಕಡೆ ಜಗ್ಗಾಟದಲ್ಲಿ ಸಿಕ್ಕಿದ ಚಿತ್ರವನ್ನು ಇಡೀ ರಾಜ್ಯ ಟಿ.ವಿ.ಯಲ್ಲಿ ನೋಡಿತು. ಅವರು ನಮ್ಮ ಸಖರಾಯಪಟ್ಟಣದವರು. ಪಂಚಾಯಿತಿ, ಸಹಕಾರಿ ಸಂಘಗಳ ಮೆಟ್ಟಿಲು ಹತ್ತಿ ಅಲ್ಲಿಯವರೆಗೆ ಹೋದವರು. ಡಿಸೆಂಬರ್ 28ರ ಸಂಜೆ ಮನೆಯಿಂದ ಹೊರಟವರು ತಿರುಗಿ ಬರಲಿಲ್ಲ. ಕಡೂರು ತಾಲೂಕಿನ ಗುಣಸಾಗರದ ಬಳಿ ರೈಲು ಹಳಿಯ ಮೇಲೆ ಅವರ ದೇಹ ಸಿಕ್ಕಿತು. ಒಬ್ಬ ಮನುಷ್ಯನ ಸಾವಿನ ಕಾರಣವನ್ನು ಹೊರಗಿನವರು ಹೇಳಬಾರದು, ನಾನೂ ಹೇಳುವುದಿಲ್ಲ. ಆ ದಿನ ಅವರನ್ನು ಆ ಪೀಠದಲ್ಲಿ ಆ ಸ್ಥಿತಿಗೆ ತಂದು ನಿಲ್ಲಿಸಿದ ಲೆಕ್ಕಾಚಾರದಲ್ಲಿ ಎಲ್ಲ ಪಕ್ಷಗಳ ಪಾಲೂ ಇತ್ತು ಎಂಬುದನ್ನಷ್ಟೇ ಹೇಳಬಲ್ಲೆ.

ಜನವರಿ ಮೊದಲ ವಾರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಫೆಬ್ರುವರಿ 8ರಂದು ಪರಿಷತ್ತಿನಲ್ಲಿ ಮಸೂದೆ ಧ್ವನಿಮತದಿಂದ ಪಾಸಾಯಿತು. ವಿರೋಧಿಗಳು ಬಾವಿಗಿಳಿದು ಪ್ರತಿ ಹರಿದರು, ಮತ ಎಣಿಸಲಿಲ್ಲ. ಆ ಹೊತ್ತಿಗೆ ಪೀಠದಲ್ಲಿದ್ದ ಹೊಸ ಉಪಸಭಾಪತಿ ಎಂ.ಕೆ. ಪ್ರಾಣೇಶ್. ಅವರೂ ನಮ್ಮ ಜಿಲ್ಲೆಯವರೇ, ಚಿಕ್ಕಮಗಳೂರು ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಬಂದವರು.

ಹಸು ಸಾಕುವ ರೈತ, ಗೊಡ್ಡು ಹಸು ಮಾರಲಾಗದ ಸಣ್ಣ ಹಿಡುವಳಿದಾರ, ಚರ್ಮದ ಕೆಲಸದವರು, ಗೋವನ್ನು ತಾಯಿ ಎಂದು ನಿಜವಾಗಿ ನಂಬುವವರು, ಇಷ್ಟೂ ಜನರ ಮಾತು ಎರಡೂ ಸದನಗಳಲ್ಲಿ ಸಮಾಧಾನವಾಗಿ ಕೇಳಿಬರಬೇಕಿದ್ದ ಮಸೂದೆ ಅದು. ಗಟ್ಟಿ ಬಣಕ್ಕೆ ಕೊಟ್ಟ ಮಾತು ಉಳಿಯಿತು. ವಿಧಾನಸಭೆಯಲ್ಲೂ ಪರಿಷತ್ತಿನಲ್ಲೂ ಕೇಳಿಬಂದದ್ದು ಗದ್ದಲ.

ಗಾಂಧಿ ಪ್ರತಿಮೆಯ ಬಳಿ ಒಬ್ಬ ಶಾಸಕ

ಮೂಡಿಗೆರೆಯ ಅಂದಿನ ಬಿಜೆಪಿ ಶಾಸಕ ಎಂ.ಪಿ. ಕುಮಾರಸ್ವಾಮಿ ಕೂಡ ತಮ್ಮದೇ ಸರ್ಕಾರವನ್ನು ಒತ್ತಿದವರು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ, ಕಳಸದ ಗುಡ್ಡಗಳು ಕುಸಿದಿದ್ದವು. ಮಲೆಮನೆಯಂಥ ಊರು ಮಣ್ಣಾಗಿ, ಮನೆ ಕಳೆದುಕೊಂಡವರು ವರ್ಷಗಟ್ಟಲೆ ಬಾಡಿಗೆ ಮನೆಗಳಲ್ಲಿ ಕಾದರು. 2021ರಲ್ಲಿ ಮಳೆಹಾನಿ ಪರಿಹಾರದಲ್ಲಿ ತಮ್ಮ ತಾಲೂಕನ್ನು ಕೈಬಿಟ್ಟಿದ್ದಾರೆಂದು ಕುಮಾರಸ್ವಾಮಿ ವಿಧಾನಸೌಧದ ಗಾಂಧಿ ಪ್ರತಿಮೆಯ ಬಳಿ ಫಲಕ ಹಿಡಿದು ಧರಣಿ ಕೂತರು. ಆಡಳಿತ ಪಕ್ಷದ ಶಾಸಕ, ಆಡಳಿತ ಪಕ್ಷದ ವಿರುದ್ಧ. ಭರವಸೆ ಸಿಕ್ಕಿತು, ಎದ್ದು ಬಂದರು. ಮಧ್ಯರಾತ್ರಿ ಸುದ್ದಿಗೋಷ್ಠಿ ಯಾರೂ ಕರೆಯಲಿಲ್ಲ.

2022ರ ನವೆಂಬರ್ 20ರಂದು ಕುಂದೂರು ಬಳಿಯ ಹುಲ್ಲೆಮನೆಯಲ್ಲಿ ಕಾಡಾನೆ ಮಹಿಳೆಯೊಬ್ಬರನ್ನು ಕೊಂದಿತು. ತಡವಾಗಿ ಬಂದರೆಂದು ಜನ ಅದೇ ಶಾಸಕರ ಮೇಲೆ ತಿರುಗಿಬಿದ್ದರು, ಅಟ್ಟಾಡಿಸಿದರು. ಹರಿದ ಅಂಗಿಯಲ್ಲಿ ನಿಂತು ಅವರು ಮಾತಾಡಿದ ವಿಡಿಯೊವನ್ನು ನಾವೆಲ್ಲ ನೋಡಿದೆವು. ಗಿರಿಯ ವ್ಯವಸ್ಥಾಪನಾ ಸಮಿತಿ ರಚನೆಯಾದದ್ದೂ ಅದೇ ನವೆಂಬರ್‌ನಲ್ಲಿ. ಒಂದೇ ಜಿಲ್ಲೆಯ ಎರಡು ಕಡತಗಳು ಬೆಂಗಳೂರಿನಲ್ಲಿ ಎರಡು ವೇಗದಲ್ಲಿ ಓಡಿದ್ದವು.

ಮೂಡಿಗೆರೆಯ ಹಾನಿಗೆ ಸಂಘಟಿತ ಬಣವಿಲ್ಲ. ಮನೆ ಕಳೆದುಕೊಂಡವರು ಬೇರೆ ಬೇರೆ ಪಕ್ಷದವರು, ಬೇರೆ ಬೇರೆ ಜಾತಿಯವರು, ಅನೇಕರು ತೋಟದ ಲೈನ್ ಮನೆಗಳವರು. ರಾಜೀನಾಮೆ ಕೊಡಲು ಅವರಿಗೆ ಯಾವ ಪದವಿಯೂ ಇಲ್ಲ. ನಾಯಕರ ಬಳಿ ಇರುವ ಕಾಲ, ಕುರ್ಚಿ, ಘೋಷಣೆಗಳೆಲ್ಲ ಬಣ ಕಟ್ಟಿ ಬಂದವರಿಗೆ ಖರ್ಚಾಗುತ್ತವೆ.

2023ರಲ್ಲಿ ಕುಮಾರಸ್ವಾಮಿಯವರಿಗೆ ಬಿಜೆಪಿ ಟಿಕೆಟ್ ಕೈತಪ್ಪಿತು. ಸಿ.ಟಿ. ರವಿಯವರೇ ಕಾರಣವೆಂದು ಬಹಿರಂಗವಾಗಿ ದೂರಿ ಪಕ್ಷ ಬಿಟ್ಟು ಜೆಡಿಎಸ್‌ನಿಂದ ನಿಂತರು, ಸೋತರು. ಮೂಡಿಗೆರೆಯಲ್ಲಿ ಕಾಂಗ್ರೆಸ್‌ನ ನಯನಾ ಮೋಟಮ್ಮ ಬಿಜೆಪಿಯ ದೀಪಕ್ ದೊಡ್ಡಯ್ಯ ಅವರ ವಿರುದ್ಧ 722 ಮತಗಳಿಂದ ಗೆದ್ದರು. ಚಿಕ್ಕಮಗಳೂರಿನಲ್ಲಿ ಸಿ.ಟಿ. ರವಿ, ಚುನಾವಣೆಗೆ ಕೆಲವೇ ತಿಂಗಳ ಮುಂಚೆ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ್ದ ಎಚ್.ಡಿ. ತಮ್ಮಯ್ಯ ಅವರ ಎದುರು 5,926 ಮತಗಳಿಂದ ಸೋತರು. ಜಿಲ್ಲೆಯ ಐದೂ ಕ್ಷೇತ್ರ ಕಾಂಗ್ರೆಸ್ ಪಾಲಾಯಿತು. ಅರ್ಚಕರ ನೇಮಕವಾಗಿ ಆಗ ಐದೇ ತಿಂಗಳಾಗಿತ್ತು.

ಹುಲ್ಲೆಮನೆಯ ಕಡೆ ಈಗಲೂ ಕುಯ್ಲಿಗೆ ಹೊರಡುವ ಹೆಂಗಸರು ಬೆಳಗ್ಗೆ ಮೊದಲು ಮೊಬೈಲ್ ನೋಡುತ್ತಾರೆ. ರಾತ್ರಿ ಆನೆ ಯಾವ ತೋಟ ದಾಟಿತು, ಎಷ್ಟಿದ್ದವು, ಮರಿ ಜೊತೆಗಿದೆಯೇ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಅದನ್ನು ಓದಿ, ಪಕ್ಕದ ಮನೆಯವಳಿಗೂ ಕೂಗಿ ಹೇಳಿ, ಆಮೇಲೆ ಸೊಂಟಕ್ಕೆ ಚೀಲ ಕಟ್ಟುತ್ತಾರೆ.